ಹೊಳೆಮತ್ತಿ ಚಕ್ಕೆಯ ಹಾಲು: ಯಾವ ಮರ, ಎಷ್ಟು ತೂಕ, ಹಾಲು ಒಡೆಯೋದೇಕೆ?

ಕೇಳುಗ, ದಾವಣಗೆರೆ

ಹೃದಯದ ಬಲಕ್ಕೆ ಅಂತ ಮತ್ತಿ ಚಕ್ಕೆ ಹಾಲಲ್ಲಿ ಕುದಿಸಿ ಕುಡಿಯೋದು ನಮ್ಮ ಸೀಮೆಗೆ ಹೊಸದಲ್ಲ. ಅಳತೆ ಕೇಳಿದರೆ ಮಾತ್ರ ಮನೆಗೊಂದು ಲೆಕ್ಕ. ಒಬ್ಬರು ಚಿಟಿಕೆ ಅಂತಾರೆ, ಇನ್ನೊಬ್ಬರು ಹಿಡಿ ಅಂತಾರೆ. ಹಾಲು ಒಡೆದು ಚೆಲ್ಲೋದೂ ಸಾಮಾನ್ಯ. ಗೊತ್ತಿರೋರು ದಯವಿಟ್ಟು ತೂಕದ ಸಮೇತ ಬರೀರಿ: ಮತ್ತಿಯಲ್ಲಿ ಯಾವ ಮತ್ತಿ, ಅದರ ಗುರುತು ಹೇಗೆ? ಚಕ್ಕೆ, ಹಾಲು, ನೀರು ಎಷ್ಟೆಷ್ಟು? ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ನುಂಗೋರು ಇದನ್ನ ಮುಟ್ಟಬಹುದಾ?

ಹೊಳೆಸಾಲು, ಹರಿಹರ

ಮೊದಲು ಮರ ಸರಿಯಾಗಲಿ. ಮರ ತಪ್ಪಿದರೆ ಅಳತೆ ಸರಿ ಇದ್ದೂ ಪ್ರಯೋಜನ ಇಲ್ಲ.

ಸಂಸ್ಕೃತದಲ್ಲಿ ಅರ್ಜುನ, ಕಕುಭ, ಪಾರ್ಥ ಅಂತ ಕರೆಯೋದು ನಮ್ಮ ಹೊಳೆಮತ್ತಿಯನ್ನ. ನೀರುಮತ್ತಿ, ತೊರೆಮತ್ತಿ, ಬಿಳಿಮತ್ತಿ ಅಂದರೂ ಅದೇ. ಸಸ್ಯಶಾಸ್ತ್ರದ ಹೆಸರು ಟರ್ಮಿನೇಲಿಯ ಅರ್ಜುನ. ಹೆಸರೇ ಹೇಳುವ ಹಾಗೆ ಇದು ನೀರಿನ ಮಗ್ಗುಲಿನ ಮರ, ತುಂಗಭದ್ರೆಯ ದಂಡೆ, ಹಳ್ಳದ ಸಾಲು, ಕಾಲುವೆ ಏರಿಯಲ್ಲಿ ನೋಡಬೇಕು. ಬರೀ "ಮತ್ತಿ" ಅಂತ ಕೇಳಿದರೆ ಸಿಗೋದು ಹೆಚ್ಚಾಗಿ ಕರಿಮತ್ತಿ. ಅದು ಮನೆ ತೊಲೆಗೆ, ಗಾಡಿಗೆ ಬಳಸೋ ಗಟ್ಟಿ ಮರ. ಇವೆರಡೂ ಅಣ್ಣತಮ್ಮಂದಿರ ಹಾಗೆ ಒಂದೇ ಕುಲ, ಆದರೆ ಔಷಧಕ್ಕೆ ಒಂದರ ಬದಲು ಇನ್ನೊಂದು ನಡೆಯೋದಿಲ್ಲ.

ನಿಂತ ಮರದಲ್ಲಿ ಗುರುತು ಸುಲಭ. ಹೊಳೆಮತ್ತಿ ಕಾಂಡ ನುಣುಪು, ಬೂದು ಬಿಳುಪಿನಲ್ಲಿ ತುಸು ಹಸಿರು ಅಥವಾ ಗುಲಾಬಿ ಛಾಯೆ. ಮೇಲಿನ ತೊಗಟೆ ಅಗಲಗಲ ಹಾಳೆಯಾಗಿ ತಾನೇ ಕಳಚಿ ಬೀಳುತ್ತೆ. ಕರಿಮತ್ತಿಯದು ಕಪ್ಪು, ಮೊಸಳೆಯ ಚರ್ಮದ ಹಾಗೆ ಚೌಕಚೌಕವಾಗಿ ಆಳಕ್ಕೆ ಬಿರಿದಿರುತ್ತೆ. ಕಾಯಿ ಎರಡಕ್ಕೂ ಐದು ರೆಕ್ಕೆ, ಆದ್ದರಿಂದ ರೆಕ್ಕೆ ಎಣಿಸಿ ತೀರ್ಮಾನ ಮಾಡಬೇಡಿ, ಗೆರೆ ನೋಡಿ. ಹೊಳೆಮತ್ತಿ ಕಾಯಿಯ ರೆಕ್ಕೆ ಕಿರಿದು, ಮೇಲಿನ ಗೆರೆಗಳು ಬಾಗಿ ಮೇಲಕ್ಕೆ ಏರುತ್ತವೆ. ಕರಿಮತ್ತಿಯದು ಅಗಲ, ತೆಳು, ಗೆರೆ ನೆಟ್ಟಗೆ ಅಡ್ಡಕ್ಕೆ ಅಂಚಿನವರೆಗೆ ಹೋಗುತ್ತವೆ.

ಕಲ್ಲಿನಕೋಟೆ, ಚಿತ್ರದುರ್ಗ

ಹೊಳೆಸಾಲು ಹೇಳಿದ್ದಕ್ಕೆ ನಮ್ಮ ಕಡೆಯದೊಂದು ಸೇರಿಸಬೇಕು. ದುರ್ಗದ ಒಣ ಗುಡ್ಡಗಳಲ್ಲಿ ಮೋಸ ಮಾಡೋದು ಕರಿಮತ್ತಿ ಅಲ್ಲ, ದಿಂಡಿಗ. ಅದರ ಕಾಂಡವೂ ನುಣುಪು, ಅದೂ ಬೂದು ಬಿಳುಪು, ಅದೂ ಚಕ್ಕೆಯಾಗಿ ಕಳಚುತ್ತೆ. ದೂರದಿಂದ ನೋಡಿದರೆ ಹೊಳೆಮತ್ತಿ ಅಂತಲೇ ಅನಿಸುತ್ತೆ. ಕಾಯಿ ನೋಡಿದರೆ ಅನುಮಾನ ತೀರುತ್ತೆ. ದಿಂಡಿಗದ ಕಾಯಿ ಗುಂಡಿಯಷ್ಟು ಚಿಕ್ಕ ಉಂಡೆಗಳಲ್ಲಿ ಒತ್ತೊತ್ತಾಗಿರುತ್ತೆ, ಐದು ರೆಕ್ಕೆಯ ದೊಡ್ಡ ಕಾಯಿ ಇರೋದೇ ಇಲ್ಲ. ಎಲೆಯಲ್ಲೂ ಗುರುತಿದೆ. ಹೊಳೆಮತ್ತಿ ಎಲೆಯ ಬುಡದಲ್ಲಿ, ತೊಟ್ಟು ಸೇರುವ ಕಡೆ, ಎರಡು ಸಣ್ಣ ಗಂಟು ಕಾಣುತ್ತವೆ.

ಜೋಗಿಮಟ್ಟಿಯ "ಮಟ್ಟಿ" ಬೇರೆ, ಈ "ಮತ್ತಿ" ಬೇರೆ. ಹೆಸರು ಕೇಳಿ ಅಲ್ಲಿ ಮತ್ತಿ ಹುಡುಕಲು ಹೋಗೋರಿದ್ದಾರೆ. ಅದು ವನ್ಯಧಾಮ, ಅಲ್ಲಿ ಚಕ್ಕೆ ಕೀಳೋದು ಅಪರಾಧ.

ಗ್ರಂಧಿಗೆ ಅಂಗಡಿಯಲ್ಲಿ ಪುಡಿ ಕೊಳ್ಳಬೇಡಿ, ಚಕ್ಕೆಯನ್ನೇ ಕೊಳ್ಳಿ. ಪುಡಿಯಾದ ಮೇಲೆ ಮರ ಯಾವುದು ಅಂತ ಕಣ್ಣಿಗೆ ತಿಳಿಯೋದಿಲ್ಲ. ಒಳ್ಳೆಯ ಚಕ್ಕೆ ಚಪ್ಪಟೆಯಾಗಿ ತುಸು ಬಾಗಿರುತ್ತೆ. ಹೊರಮೈ ನುಣುಪು, ಒಳಮೈ ಗುಲಾಬಿ ಕೆಂಪು, ಸಣ್ಣ ಉದ್ದ ಗೆರೆ. ಬಾಯಿಗೆ ಹಾಕಿದರೆ ಬರೀ ಒಗರು. ಕಮಟು ವಾಸನೆ ಇದ್ದರೆ, ಒಳಮೈಯಲ್ಲಿ ಬಿಳಿ ಅಥವಾ ಹಸಿರು ಬೂಷ್ಟು ಇದ್ದರೆ ವಾಪಸ್ ಕೊಡಿ. ಬೂಷ್ಟಿನ ವಿಷ ಕುದಿಸಿದರೂ ಹೋಗೋದಿಲ್ಲ.

ಇನ್ನೊಂದು ಪರೀಕ್ಷೆ ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ: ಕಬ್ಬಿಣದ ಚಟ್ಟಿಯಲ್ಲಿ ನೆನೆಸಿದರೆ ನೀರು ಕಪ್ಪಾಗಬೇಕು, ಆದರೆ ಮಾತ್ರ ಅಸಲಿ ಅಂತ. ಅದನ್ನ ನಂಬಬೇಡಿ. ಕಪ್ಪಾಗೋದು ಒಗರು ಕೊಡೋ ಟ್ಯಾನಿನ್‌ನಿಂದ, ಒಗರು ಇರೋ ಯಾವ ತೊಗಟೆಯಾದರೂ ಕಪ್ಪಾಗುತ್ತೆ. ಕರಿಮತ್ತಿ, ದಿಂಡಿಗ, ಜಾಲಿ, ಎಲ್ಲವೂ ಪಾಸಾಗುತ್ತವೆ.

ಒರಳುಕಲ್ಲು, ಹೊನ್ನಾಳಿ

ಇನ್ನು ಪಾಕ. ಇದರ ಹೆಸರು ಕ್ಷೀರಪಾಕ. ಶಾಸ್ತ್ರದ ಲೆಕ್ಕ ಹೀಗಿದೆ: ಮದ್ದು ಒಂದು ಪಾಲು, ಹಾಲು ಅದರ ಎಂಟರಷ್ಟು, ನೀರು ಹಾಲಿನ ನಾಲ್ಕರಷ್ಟು. ನೀರೆಲ್ಲ ಹಾರಿ ಹಾಲಷ್ಟೇ ಉಳಿಯುವ ತನಕ ಕಾಯಿಸಬೇಕು. ಈಗಿನ ತೂಕದಲ್ಲಿ ಚಕ್ಕೆ 5 ಗ್ರಾಂ, ಹಾಲು 40 ಮಿ.ಲೀ., ನೀರು 160 ಮಿ.ಲೀ. ಒಟ್ಟು 200 ಇಟ್ಟಿದ್ದು 40ಕ್ಕೆ ಇಳಿಯಬೇಕು. ದೊಡ್ಡವರಿಗೆ ದಿನಕ್ಕೆ ಚಕ್ಕೆ 3ರಿಂದ 6 ಗ್ರಾಂ. ಭಾರತದ ಆಯುರ್ವೇದ ಔಷಧಕೋಶವೂ ಇದೇ ಅಳತೆ ಕೊಡುತ್ತೆ. ಹಿಡಿಗಟ್ಟಲೆ ಹಾಕೋರು ಒಂದೇ ಸಲಕ್ಕೆ ನಾಲ್ಕೈದು ದಿನದ ಮದ್ದು ಕುಡಿದ ಹಾಗೆ.

ಚಕ್ಕೆಯನ್ನ ಜವೆಗುಟ್ಟು ಮಾಡಿ, ಅಂದರೆ ರವೆಗಿಂತ ತುಸು ದಪ್ಪ. ನುಣ್ಣಗೆ ಮಿಕ್ಸಿಗೆ ಹಾಕಬೇಡಿ. ನುಣುಪು ಪುಡಿ ತಳ ಹಿಡಿಯುತ್ತೆ, ಸೋಸಲು ಬರೋದಿಲ್ಲ, ಹಾಲಿನಲ್ಲೇ ಉಳಿದು ಗಂಟಲಲ್ಲಿ ಕೆರೆಯುತ್ತೆ.

ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ತಗೊಳ್ಳಿ. ಕಬ್ಬಿಣ, ಕಲಾಯಿ ಇಲ್ಲದ ತಾಮ್ರ, ಅಲ್ಯುಮಿನಿಯಂ ಬೇಡ. ಒಗರು ಲೋಹದ ಜತೆ ಸೇರಿ ಬಣ್ಣ, ರುಚಿ ಎರಡೂ ಕೆಡುತ್ತೆ. ಒಲೆ ಮೇಲಿಡುವ ಮೊದಲು ಆ ಪಾತ್ರೆಗೆ 40 ಮಿ.ಲೀ. ನೀರು ಹುಯ್ದು, ಒಂದು ಕಡ್ಡಿ ನೆಟ್ಟಗೆ ಇಟ್ಟು, ನೀರು ಮುಟ್ಟಿದಲ್ಲಿ ಕಚ್ಚು ಹಾಕಿ. ಕೊನೆಗೆ ಎಷ್ಟು ಇಳಿಯಿತು ಅಂತ ನೋಡೋಕೆ ಆ ಕಡ್ಡಿಯೇ ಅಳತೆಗೋಲು. ಅಂದಾಜಿನಲ್ಲಿ ಇಳಿಸೋರು ಒಂದು ದಿನ ತೆಳು ಕುಡೀತಾರೆ, ಇನ್ನೊಂದು ದಿನ ಖೋವಾ ಮಾಡ್ತಾರೆ.

ಬಾಯಿ ಅಗಲದ ಪಾತ್ರೆ, ಸಣ್ಣ ಉರಿ. ಅರ್ಧ ಗಂಟೆ ಆಸುಪಾಸು ಬೇಕು. ಮುಚ್ಚಳ ಹಾಕಬೇಡಿ, ಹಾಕಿದರೆ ನೀರು ಹಾರೋದಿಲ್ಲ, ಹಾಲು ಮಾತ್ರ ಉಕ್ಕುತ್ತೆ. ಕೊನೆಯ ಹತ್ತು ನಿಮಿಷ ಸೌಟು ಬಿಡದೆ ತಿರುವಿ. ಇಳಿಸಿ ಬಟ್ಟೆಯಲ್ಲಿ ಸೋಸಿ, ಹಿಂಡಿ. ಬಣ್ಣ ಮಾಸಲು ಗುಲಾಬಿ ಬರಬೇಕು. ಸಿಹಿ ಬೇಕಿದ್ದರೆ ಉಗುರುಬೆಚ್ಚಗಾದ ಮೇಲೆ ಕಲ್ಲುಸಕ್ಕರೆ. ಉಪ್ಪು, ಹುಳಿ ಹಣ್ಣು ಇದರ ಜತೆ ಬೇಡ. ಬೆಳಗ್ಗೆ ಮಾಡಿದ್ದು ಸಂಜೆಗೆ ಇಡಬೇಡಿ.

ಎರೆಹೊಲ, ಜಗಳೂರು

ಎಲ್ಲಾ ಸರಿ ಅಣ್ಣಾ, ಆದ್ರೆ ಇದೇ ಲೆಕ್ಕದಾಗ ಮಾಡಿದ್ರೂ ಕೆಲವು ಸಲ ಹಾಲು ಒಡೀತೈತಿ. ಪಾಕೀಟು ಹಾಲಿಗೆ ಒಂದು ಥರ, ಕರೆದ ಹಾಲಿಗೆ ಒಂದು ಥರ. ಕಾರಣ ಏನು?

ಒರಳುಕಲ್ಲು, ಹೊನ್ನಾಳಿ

ಟ್ಯಾನಿನ್ ಹಾಲಿನ ಪ್ರೋಟೀನಾದ ಕೇಸಿನ್‌ಗೆ ಅಂಟಿಕೊಳ್ಳುತ್ತೆ. ಚಕ್ಕೆ ಹೆಚ್ಚಾದರೆ, ಉರಿ ಜೋರಾದರೆ, ನೀರು ಕಡಿಮೆಯಾದರೆ ಆ ಅಂಟು ಗಂಟಾಗಿ ಹಾಲು ಒಡೆದ ಹಾಗೆ ಕಾಣುತ್ತೆ. ಹಾಲು ಮೊದಲೇ ತುಸು ಹುಳಿ ತಿರುಗಿದ್ದರೆ ಕೇಳೋದೇ ಬೇಡ. ಬೆಳಗ್ಗೆ ಕರೆದ ಹಾಲನ್ನ ಹಸಿಯಾಗಿಯೇ ಮಧ್ಯಾಹ್ನದವರೆಗೆ ಹೊರಗಿಟ್ಟರೆ ಬೇಸಿಗೆಯಲ್ಲಿ ಆ ಹುಳಿ ನಾಲಿಗೆಗೆ ತಿಳಿಯೋದಿಲ್ಲ, ಬಿಸಿ ತಾಗಿದ ತಕ್ಷಣ ಒಡೆಯುತ್ತೆ. ನೀರು ನಾಲ್ಕರಷ್ಟು ಯಾಕೆ ಅಂದರೆ ಇದಕ್ಕೇ. ತೊಗಟೆಯ ಸಾರ ಮೊದಲು ನೀರಿಗೆ ಇಳಿದು ಹರಡಿಕೊಳ್ಳಲಿ ಅಂತ.

ಒಡೆಯೋ ಕಾಟ ನಿಲ್ಲದಿದ್ದರೆ ಎರಡು ಹಂತದಲ್ಲಿ ಮಾಡಿ. 5 ಗ್ರಾಂ ಚಕ್ಕೆಯನ್ನ 160 ಮಿ.ಲೀ. ನೀರಲ್ಲಿ ಕುದಿಸಿ 40ಕ್ಕೆ ಇಳಿಸಿ ಸೋಸಿ. ಬೇರೆ ಪಾತ್ರೆಯಲ್ಲಿ ಮೊದಲೇ ಕಾಯಿಸಿದ ಹಾಲು 40 ಮಿ.ಲೀ. ಇಡಿ. ಕಷಾಯವನ್ನ ಬಿಸಿ ಹಾಲಿಗೆ ಸ್ವಲ್ಪಸ್ವಲ್ಪವಾಗಿ ಹುಯ್ದು, ಸಣ್ಣ ಉರಿಯಲ್ಲಿ ಮತ್ತೆ 40ಕ್ಕೆ ಇಳಿಸಿ.

ತಾಳೆಗರಿ, ಚಿತ್ರದುರ್ಗ

ಎರಡು ಹಂತದ್ದು ಕ್ಷೀರಪಾಕ ಅಲ್ಲ, ಕಷಾಯಕ್ಕೆ ಹಾಲು ಬೆರೆಸಿದ್ದು ಅನ್ನೋದು ನನ್ನ ಅಭಿಪ್ರಾಯ. ಒಟ್ಟಿಗೆ ಬೇಯುವಾಗ ನೀರಿನಲ್ಲಿ ಕರಗದ ಕೆಲವು ಅಂಶ ಹಾಲಿನ ಕೊಬ್ಬಿಗೆ ಇಳಿಯುತ್ತವೆ, ಒಗರಿನ ಕಟುವೂ ತಗ್ಗುತ್ತೆ. ಬೇರೆ ಮಾಡಿದರೆ ಆ ಲಾಭ ಅಷ್ಟಿಲ್ಲ. ಉರಿ ಇಳಿಸಿ, ಪುಡಿ ದಪ್ಪ ಮಾಡಿ, ಮೂಲ ಕ್ರಮದಲ್ಲೇ ಇನ್ನೊಮ್ಮೆ ನೋಡಿ. ಮೂರು ಸಲ ಒಡೆದರೆ ಆಗ ಎರಡು ಹಂತ ಹಿಡೀರಿ.

ಗ್ರಂಥದ ಮಾತು ಬಂದಿದ್ದಕ್ಕೆ ಒಂದು ಗೊಂದಲ ಬಿಡಿಸಿಬಿಡೋಣ. "ಚರಕ ಹೃದ್ರೋಗಕ್ಕೆ ಅರ್ಜುನ ಹೇಳಿದ್ದಾನೆ" ಅಂತ ಎಲ್ಲ ಕಡೆ ಬರೀತಾರೆ. ಚರಕಸಂಹಿತೆಯಲ್ಲಿ "ಹೃದ್ಯ" ಅಂತ ಹತ್ತು ದ್ರವ್ಯದ ಗುಂಪೇ ಇದೆ. ಅದರಲ್ಲಿ ಅರ್ಜುನ ಇಲ್ಲ. ಇರೋದು ಮಾವು, ಅಮಟೆ, ಲಕುಚ, ಕರಮರ್ದ ಅಂದರೆ ಕವಳಿ, ವೃಕ್ಷಾಮ್ಲ, ಅಮ್ಲವೇತಸ, ಎರಡು ಬಗೆಯ ಬೋರೆ, ದಾಳಿಂಬೆ, ಮಾದಲ. ಪಟ್ಟಿ ಓದಿದರೇ ಬಾಯಲ್ಲಿ ನೀರು ಬರುತ್ತೆ, ಹತ್ತೂ ಹುಳಿ ಹಣ್ಣಿನ ಜಾತಿ. ಅಲ್ಲಿ ಹೃದ್ಯ ಅಂದರೆ ಮನಸ್ಸಿಗೆ ಹಿತ, ರುಚಿಕರ ಅನ್ನೋ ಅರ್ಥವೇ ಮುಂದಿರೋದು. ಹಿರಿಯೂರಿನ ದಾಳಿಂಬೆ ತಿನ್ನಿ, ಒಳ್ಳೆಯದೇ, ಆದರೆ ಅದನ್ನ ರಕ್ತನಾಳದ ಕಟ್ಟು ಬಿಡಿಸೋ ಮದ್ದು ಅಂತ ಮಾರೋದು ಚರಕನ ಮಾತಲ್ಲ. ಚರಕ ಅರ್ಜುನವನ್ನ ಇಟ್ಟಿರೋದು ಉದರ್ದ ಅನ್ನೋ ಚರ್ಮದ ದದ್ದು ಶಮನ ಮಾಡುವ ಗುಂಪಿನಲ್ಲಿ.

ಅರ್ಜುನದ ಚಕ್ಕೆಯಿಂದ ಸಿದ್ಧ ಮಾಡಿದ ಹಾಲನ್ನ ಹೃದ್ರೋಗಕ್ಕೆ ಸ್ಪಷ್ಟವಾಗಿ ವಿಧಿಸೋದು ಚಕ್ರದತ್ತ. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನ ಗ್ರಂಥ ಅದು. ಚಕ್ಕೆಯ ಪುಡಿಯನ್ನ ತುಪ್ಪ, ಹಾಲು, ಬೆಲ್ಲದ ನೀರು, ಈ ಮೂರರಲ್ಲಿ ಯಾವುದರ ಜತೆಗಾದರೂ ಕೊಡಬಹುದು ಅಂತಲೂ ಅಲ್ಲೇ ಇದೆ.

ಹೃದ್ರೋಗ ಅನ್ನೋ ಪದವನ್ನೂ ಹುಷಾರಾಗಿ ಬಳಸಬೇಕು. ಹಳೆಯವರ ಐದು ಬಗೆ: ವಾತ, ಪಿತ್ತ, ಕಫ, ಮೂರೂ ಸೇರಿದ್ದು, ಕ್ರಿಮಿಯದು. ವಾತದ ಹೃದ್ರೋಗಕ್ಕೆ ಸುಶ್ರುತ ಕೊಡೋ ಲಕ್ಷಣ ಎದೆ ಎಳೆದಂತೆ, ಚುಚ್ಚಿದಂತೆ, ಕಡೆದಂತೆ, ಸೀಳಿದಂತೆ. ಇದು ಹೃದಯದ ರಕ್ತನಾಳ ಕಟ್ಟಿದ ನೋವಿಗೆ ಬಹಳ ಹತ್ತಿರ. ಕಫದ್ದು ಎದೆ ಭಾರ, ಮಂದ, ಅರುಚಿ. ಇವು ಲಕ್ಷಣ ನೋಡಿ ಮಾಡಿದ ವಿಂಗಡಣೆ. ಹುಳಿತೇಗು, ಪಕ್ಕೆಯ ಸ್ನಾಯು ನೋವು, ಕವಾಟದ ರೋಗ, ನಾಳದ ಕಟ್ಟು, ಎಲ್ಲವೂ ಈ ಐದರೊಳಗೇ ಎಲ್ಲೋ ಬಂದು ಕೂರುತ್ತವೆ. ಆದ್ದರಿಂದ ಇಸಿಜಿ, ಎಕೋ ಮಾಡಿಸದೆ "ನಂದು ವಾತದ್ದು" ಅಂತ ಹಾಲು ಕಾಯಿಸೋಕೆ ಕೂರಬಾರದು.

ಮಾತ್ರೆಪೆಟ್ಟಿಗೆ, ದಾವಣಗೆರೆ

ತಾಳೆಗರಿಯವರ ಕೊನೆಯ ಸಾಲನ್ನ ದಪ್ಪ ಅಕ್ಷರದಲ್ಲಿ ಓದಿ. ಎದೆಯ ನಡುವೆ ಒತ್ತಿ ಹಿಡಿದ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯೋದು, ತಣ್ಣನೆ ಬೆವರು, ಉಸಿರು ಸಾಲದಿರೋದು ಕಂಡರೆ ಯಾವ ಬೇರೂ ಬೇಡ, ಯಾವ ಹಾಲೂ ಬೇಡ. 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರೋರಲ್ಲಿ, ವಯಸ್ಸಾದ ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಹೊಟ್ಟೆ ಮೇಲ್ಭಾಗದ ಉರಿ ಇರಬಹುದು. ಅದನ್ನ ಗ್ಯಾಸ್ ಅಂತ ಓಮದ ನೀರು ಕೊಟ್ಟು ಎರಡು ಗಂಟೆ ಕಳೆಯೋದೇ ದೊಡ್ಡ ಅನಾಹುತ. ನಾಳ ಕಟ್ಟಿದ ಗಳಿಗೆಯಿಂದ ಹೃದಯದ ಮಾಂಸ ಸಾಯುತ್ತಾ ಹೋಗುತ್ತೆ, ಸತ್ತದ್ದು ಮತ್ತೆ ಹುಟ್ಟೋದಿಲ್ಲ.

ತಾಲೂಕು ಆಸ್ಪತ್ರೆಗೇ ಮೊದಲು ಹೋಗಿ. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳಿಸ್ತಾರೆ. ಬೇಕು ಅಂದರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನ ಉಚಿತವಾಗಿ ಕೊಡ್ತಾರೆ. ಮೊದಲ ಗಂಟೆಗಳಲ್ಲಿ ಅದರ ಫಲ ಹೆಚ್ಚು, ತಡವಾದಷ್ಟೂ ಕಡಿಮೆ.

ಈಗ ಮಾತ್ರೆಯ ಪ್ರಶ್ನೆ. ಹೊಳೆಮತ್ತಿಯನ್ನ ಮಾತ್ರೆಯ ಬದಲಿಗೆ ಇಡೋಕೆ ಆಗೋದಿಲ್ಲ, ಬೇಕಿದ್ದರೆ ವೈದ್ಯರಿಗೆ ತಿಳಿಸಿ ಜತೆಗೆ ಮಾತ್ರ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡೋ ಕ್ಲೋಪಿಡೋಗ್ರೆಲ್, ಆಸ್ಪಿರಿನ್ ನಿಲ್ಲಿಸಿ ಚಕ್ಕೆ ಹಿಡಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಬಿಪಿ ಮಾತ್ರೆ ಇರೋರಿಗೆ ಇದರಿಂದ ಒತ್ತಡ ಇನ್ನೂ ತಗ್ಗಬಹುದು. ಎದ್ದು ನಿಂತಾಗ ತಲೆ ಸುತ್ತಿದರೆ, ನಾಡಿ ಎಂದಿಗಿಂತ ನಿಧಾನವಾದರೆ ಹಾಲು ನಿಲ್ಲಿಸಿ ಒತ್ತಡ ಅಳೆಸಿ. ಕಬ್ಬಿಣಾಂಶದ ಮಾತ್ರೆ ನುಂಗೋರು ಎರಡರ ನಡುವೆ ಎರಡು ಗಂಟೆ ಅಂತರ ಇಡಿ, ಒಗರು ಕಬ್ಬಿಣವನ್ನ ಹಿಡಿದುಕೊಳ್ಳುತ್ತೆ. ಒಗರಿನಿಂದ ಮಲಬದ್ಧತೆ ಆಗುತ್ತೆ. ಹೃದಯ ದುರ್ಬಲ ಇರೋರು ಮುಕ್ಕಿರಿಯೋದು ಅಪಾಯ, ಆದ್ದರಿಂದ ಮೂರು ದಿನ ಹೊಟ್ಟೆ ಕಟ್ಟಿದರೆ ಪ್ರಮಾಣ ಅರ್ಧ ಮಾಡಿ ಇಲ್ಲಾ ಬಿಡಿ. ಗರ್ಭಿಣಿಯರಿಗೆ ಬೇಡ. ದಿನಕ್ಕೆ ಇಷ್ಟೇ ನೀರು ಅಂತ ವೈದ್ಯರು ಮಿತಿ ಹಾಕಿದ್ದರೆ ಈ ಹಾಲೂ ಆ ಲೆಕ್ಕಕ್ಕೆ ಸೇರುತ್ತೆ.

ಹೊಳೆಮತ್ತಿಗಿಂತ ನನಗೆ ಹೆಚ್ಚು ಭಯ ಅತಿಮಧುರದ್ದು. ಜ್ಯೇಷ್ಠಮಧು ಅಂತಲೂ ಕರೀತಾರೆ. ಕೆಮ್ಮಿಗೆ ಅಂತ ದಿನವಿಡೀ ಜಗೀತಾರೆ, "ಹೃದಯಕ್ಕೂ ತಂಪು" ಅಂತ ಕಷಾಯಕ್ಕೂ ಹಾಕ್ತಾರೆ. ಅದರ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತೆ, ಬಿಪಿ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ. ಮೈಯ ನೀರು ಇಳಿಸೋ ಫ್ಯೂರೋಸಮೈಡ್ ಮಾತ್ರೆ ನುಂಗೋರಲ್ಲಿ ಪೊಟ್ಯಾಸಿಯಂ ಮೊದಲೇ ಇಳಿದಿರುತ್ತೆ. ಅದರ ಮೇಲೆ ಹೃದಯದ ಮಾತ್ರೆ ಡಿಗಾಕ್ಸಿನ್ ಕೂಡ ಇದ್ದರೆ ಪೊಟ್ಯಾಸಿಯಂ ಇಳಿದಷ್ಟೂ ಡಿಗಾಕ್ಸಿನ್ ವಿಷವಾಗುತ್ತೆ, ನಾಡಿ ತಾಳ ತಪ್ಪುತ್ತೆ. ಹೃದಯದ ರೋಗಿಗೆ ಅತಿಮಧುರ ಬೇಡವೇ ಬೇಡ.

ಎರೆಹೊಲ, ಜಗಳೂರು

ಬೆಳ್ಳುಳ್ಳಿ ಹಾಲು? ಅದು ಕೊಲೆಸ್ಟರಾಲಿಗೆ ಅಂತ ಮನೆಮನೆಯಾಗ ಕುಡೀತಾರ.

ತಾಳೆಗರಿ, ಚಿತ್ರದುರ್ಗ

ಬೆಳ್ಳುಳ್ಳಿ ಹಾಲು ಚರಕದಲ್ಲೇ ಇದೆ, ಆದರೆ ಗುಲ್ಮ ಅನ್ನೋ ಹೊಟ್ಟೆಯ ಗಡ್ಡೆಯ ಅಧ್ಯಾಯದಲ್ಲಿ. ಸಿಪ್ಪೆ ತೆಗೆದು ಒಣಗಿಸಿದ ಬೆಳ್ಳುಳ್ಳಿ ನಾಲ್ಕು ಪಲ, ಅದರ ಎಂಟರಷ್ಟು ಹಾಲು-ನೀರು, ಹಾಲಷ್ಟೇ ಉಳಿಯುವ ತನಕ. ಫಲದ ಪಟ್ಟಿಯಲ್ಲಿ ವಾತಗುಲ್ಮ, ಗೃಧ್ರಸಿ ಅಂದರೆ ಸೊಂಟದಿಂದ ಕಾಲಿಗಿಳಿಯೋ ನೋವು, ವಿಷಮಜ್ವರ ಅಂದರೆ ಬಿಟ್ಟುಬಿಟ್ಟು ಬರೋ ಜ್ವರ, ಇವುಗಳ ಜತೆ ಹೃದ್ರೋಗವೂ ಬರುತ್ತೆ. ಪಲಕ್ಕೆ 48 ಗ್ರಾಂ ಹಿಡಿದರೆ ನಾಲ್ಕು ಪಲ 192 ಗ್ರಾಂ ಆಯಿತು. ಅದು ಆಗಿನ ಮೈಕಟ್ಟಿಗೆ, ವೈದ್ಯ ಎದುರಿಗೆ ಕೂತು ಕೊಡುತ್ತಿದ್ದ ಪ್ರಮಾಣ. ಈಗ ಯಾರೂ ಅದನ್ನ ಅನುಸರಿಸೋದಿಲ್ಲ, ಅನುಸರಿಸಲೂ ಬಾರದು. ಈಗಿನ ಅಳತೆ ದಿನಕ್ಕೆ 3 ಗ್ರಾಂ, ಅಂದರೆ ಸಣ್ಣ ಎಸಳು ಒಂದೆರಡು.

ಮಾತ್ರೆಪೆಟ್ಟಿಗೆ, ದಾವಣಗೆರೆ

ಅಡುಗೆಯ ದೃಷ್ಟಿಯಿಂದ ಒಂದು ಮಾತು. ಎಸಳನ್ನ ಜಜ್ಜಿದಾಗ ಮಾತ್ರ ಅಲ್ಲಿಸಿನ್ ಅನ್ನೋ ಸತ್ವ ಹುಟ್ಟುತ್ತೆ, ಅದನ್ನ ಹುಟ್ಟಿಸೋ ಕಿಣ್ವ ಬಿಸಿಗೆ ಸಾಯುತ್ತೆ. ಇಡೀ ಎಸಳನ್ನ ಕುದಿಯೋ ಹಾಲಿಗೆ ಹಾಕಿದರೆ ಅದು ಹುಟ್ಟೋದೇ ಇಲ್ಲ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಹಾಕಿ. ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ನುಂಗೋರು ಸಾರಿನ ಒಗ್ಗರಣೆಗೆ ಹಾಕೋಷ್ಟು ಬೆಳ್ಳುಳ್ಳಿಗೆ ಹೆದರಬೇಕಿಲ್ಲ. ದಿನಾ ಹಸಿ ಎಸಳು ನುಂಗೋದು, ಬೆಳ್ಳುಳ್ಳಿ ಕ್ಯಾಪ್ಸೂಲ್ ತಗೊಳ್ಳೋದು ಬೇಡ, ರಕ್ತಸ್ರಾವ ಹೆಚ್ಚಾಗುತ್ತೆ. ಹಲ್ಲು ಕೀಳಿಸೋಕೆ, ಶಸ್ತ್ರಚಿಕಿತ್ಸೆಗೆ ಹೋಗುವಾಗ ಇದನ್ನೂ ವೈದ್ಯರಿಗೆ ಹೇಳಿ.

ಗುಗ್ಗುಲು ಅನ್ನೋ ಗಿಡದ ಅಂಟಿನ ಬಗ್ಗೆಯೂ ಇಲ್ಲೇ ಹೇಳ್ತೀನಿ. ಸುಶ್ರುತ ಮೇದೋರೋಗಕ್ಕೆ, ಅಂದರೆ ಬೊಜ್ಜಿಗೆ, ಗುಗ್ಗುಲು ಹೇಳಿದ್ದನ್ನ ಹಿಡಿದು ಜಿ. ವಿ. ಸತ್ಯವತಿ ಅವರು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ, ಅದು ರಕ್ತದ ಕೊಬ್ಬು ಇಳಿಸುತ್ತೆ ಅಂತ ತೋರಿಸಿದರು. ಆಮೇಲೆ ಅಮೆರಿಕದಲ್ಲಿ 2003ರಲ್ಲಿ ಬಂದ ಪರೀಕ್ಷೆಯಲ್ಲಿ 103 ಜನರಿಗೆ 8 ವಾರ ಗುಗ್ಗುಲು ಸಾರ ಅಥವಾ ಹುಸಿಮಾತ್ರೆ (ಮದ್ದಿಲ್ಲದ ಮಾತ್ರೆ) ಕೊಟ್ಟು ನೋಡಿದರೆ ಸಾರ ತಗೊಂಡವರಲ್ಲಿ ಕೆಟ್ಟ ಕೊಲೆಸ್ಟರಾಲು ಅನ್ನೋ ಎಲ್‌ಡಿಎಲ್ ಇಳಿಯಲಿಲ್ಲ, ನೂರಕ್ಕೆ 4-5ರಷ್ಟು ಏರಿತು. ಕೆಲವರಿಗೆ ಮೈಮೇಲೆ ದದ್ದೂ ಬಂತು. ಗುಗ್ಗುಲು ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳು ರಕ್ತಕ್ಕೆ ಸೇರೋದನ್ನೂ ಕಡಿಮೆ ಮಾಡುತ್ತೆ. ಎದೆನೋವಿಗೆ ಅವೇ ಮಾತ್ರೆ ನುಂಗೋರು ಗುಗ್ಗುಲು ಸೇರಿಸಿಕೊಂಡರೆ ಹತೋಟಿಯಲ್ಲಿದ್ದ ನೋವು ಮರಳಬಹುದು.

ಕೇಳುಗ, ದಾವಣಗೆರೆ

ಹೊಳೆಮತ್ತಿ ಚಕ್ಕೆ ಹುದುಗಿಸಿ ಮಾಡಿದ ಅರ್ಜುನಾರಿಷ್ಟ ಸಿದ್ಧವಾಗಿ ಸಿಗುತ್ತಲ್ಲ, ಅದನ್ನೇ ಕುಡಿದರೆ ಈ ಕಾಯಿಸೋ ರಗಳೆ ಇಲ್ಲವಲ್ಲ?

ಒರಳುಕಲ್ಲು, ಹೊನ್ನಾಳಿ

ಅರಿಷ್ಟದೊಳಗೆ ಏನಿದೆ ನೋಡಿ ಆಮೇಲೆ ತೀರ್ಮಾನಿಸಿ. ಭೈಷಜ್ಯರತ್ನಾವಳಿ ಅನ್ನೋ ಆಯುರ್ವೇದ ಗ್ರಂಥದ ಪಾರ್ಥಾದ್ಯರಿಷ್ಟವೇ ಇದು. ಅರ್ಜುನದ ಚಕ್ಕೆ 4.8 ಕಿಲೋ, ಒಣದ್ರಾಕ್ಷಿ 2.4 ಕಿಲೋ, ಹಿಪ್ಪೆ ಹೂ 960 ಗ್ರಾಂ. ಇವನ್ನ 49 ಲೀಟರ್ ಚಿಲ್ಲರೆ ನೀರಿನಲ್ಲಿ ಕುದಿಸಿ 12.3 ಲೀಟರಿಗೆ ಇಳಿಸಬೇಕು. ತಣ್ಣಗಾದ ಮೇಲೆ ಬೆಲ್ಲ 4.8 ಕಿಲೋ, ಧಾತಕಿ ಹೂ 960 ಗ್ರಾಂ. ಬಾಯಿ ಸೀಲು ಮಾಡಿ ಒಂದು ತಿಂಗಳು. ಧಾತಕಿ ಹೂವಿನ ಮೇಲಿರೋ ಯೀಸ್ಟು ಬೆಲ್ಲವನ್ನ ಮದ್ಯಸಾರ ಮಾಡುತ್ತೆ. ಅದರಿಂದಲೇ ಚಕ್ಕೆಯ ಸಾರ ಕೆಡದೆ ಉಳಿಯೋದು.

ಕೆಡೋದು ಎಲ್ಲಿ ಅಂದರೆ, ಕಷಾಯ ಬಿಸಿ ಇರುವಾಗಲೇ ಹೂ ಹಾಕಿದರೆ ಯೀಸ್ಟು ಸತ್ತು ಹುದುಗೇ ಏಳೋದಿಲ್ಲ. ಪಾತ್ರೆ ತುಂಬಾ ಹಾಕಿದರೆ ನೊರೆ ಉಕ್ಕಿ ಸೀಲು ಒಡೆಯುತ್ತೆ, ಮುಕ್ಕಾಲು ಪಾತ್ರೆ ಸಾಕು. ಗಾಳಿ ಒಳಗೆ ಹೋದರೆ ಮದ್ಯಸಾರ ವಿನೆಗರ್ ಆಗಿ ಮೂಗಿಗೆ ಹುಳಿ ಹೊಡೆಯುತ್ತೆ, ಅದನ್ನ ಸರಿ ಮಾಡೋಕೆ ಬರೋದಿಲ್ಲ, ಚೆಲ್ಲಬೇಕು. ದುರ್ಗದ ಚಳಿಯಲ್ಲಿ ಹುದುಗು ನಿಧಾನ, ತಿಂಗಳ ಮೇಲೆ ಒಂದು ವಾರ ಹೆಚ್ಚು ಹಿಡಿಯಬಹುದು. ಆಗಿದೆಯಾ ಅಂತ ನೋಡೋಕೆ ಪಾತ್ರೆಗೆ ಕಿವಿ ಕೊಡಿ, ಸುಯ್ಯೆನ್ನೋ ಸದ್ದು ನಿಂತಿರಬೇಕು. ಉರಿಯೋ ಕಡ್ಡಿ ಬಾಯಿ ಹತ್ತಿರ ಹಿಡಿದರೆ ಆರಬಾರದು, ತೇಲುತ್ತಿದ್ದ ಹೂ ಮುಳುಗಿರಬೇಕು.

ಸೇವನೆ 12ರಿಂದ 24 ಮಿ.ಲೀ., ಅಷ್ಟೇ ನೀರು ಬೆರೆಸಿ, ಊಟದ ನಂತರ. ಸಕ್ಕರೆ ಕಾಯಿಲೆ ಇದ್ದರೆ ಬೇಡ, ಹಾಕಿದ ಬೆಲ್ಲವೇ 4.8 ಕಿಲೋ. ಯಕೃತ್ತಿನ ರೋಗ ಇರೋರಿಗೆ, ಮದ್ಯ ಬಿಟ್ಟವರಿಗೂ ಬೇಡ. ಹೃದಯದ ರೋಗಿಗಳಲ್ಲಿ ಸಕ್ಕರೆ ಕಾಯಿಲೆ ಎಷ್ಟು ಜನಕ್ಕೆ ಇರುತ್ತೆ ಅಂತ ನಿಮಗೇ ಗೊತ್ತು. ಅದಕ್ಕೇ ರಗಳೆ ಆದರೂ ಹಾಲಿನ ಪಾಕವೇ ಮೇಲು ಅನ್ನೋದು.

ಹೊಳೆಸಾಲು, ಹರಿಹರ

ಕಾಲು ಊದಿದಾಗ ಕೊಮ್ಮೆ ಬೇರು, ಅಂದರೆ ಪುನರ್ನವ ಕೊಡ್ತಾರಲ್ಲ, ಅದರ ಗುರುತೂ ಇಲ್ಲಿರಲಿ. ಜಗಳೂರು, ಚಳ್ಳಕೆರೆ ಕಡೆ ಶೇಂಗಾ ಹೊಲದ ತುಂಬಾ ಇರುತ್ತೆ, ಅದರ ಜತೆಗೇ ಹೋಲುವ ಇನ್ನೊಂದು ಕಳೆಯೂ ಇರುತ್ತೆ. ಅಸಲಿ ಪುನರ್ನವದ ಹೂ ಕೆಂಗುಲಾಬಿ, ಉದ್ದ ತೊಟ್ಟಿನ ತುದಿಯಲ್ಲಿ ಸಣ್ಣ ಗೊಂಚಲು. ಕಾಯಿ ಬಟ್ಟೆಗೆ ಅಂಟುತ್ತೆ. ವರ್ಷಾಭು ಅನ್ನೋ ಇನ್ನೊಂದರ ಎಲೆ ದಪ್ಪ, ರಸ ತುಂಬಿದ್ದು. ಹೂ ಎಲೆಯ ಕಂಕುಳಲ್ಲಿ ಒಂಟಿಯಾಗಿ ಕೂತಿರುತ್ತೆ, ಕಾಯಿಗೆ ಮುಚ್ಚಳ ಇರುತ್ತೆ.

ಮಾತ್ರೆಪೆಟ್ಟಿಗೆ, ದಾವಣಗೆರೆ

ಗುರುತು ಸರಿ. ಆದರೆ ಪುನರ್ನವದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಧಾರಾಳ. ಸ್ಪೈರನೊಲ್ಯಾಕ್ಟೋನ್, ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಇವೂ ಪೊಟ್ಯಾಸಿಯಂ ಏರಿಸೋ ಮಾತ್ರೆಗಳೇ. ಮೂತ್ರಪಿಂಡ ದುರ್ಬಲ ಇದ್ದವರಲ್ಲಿ ಎರಡೂ ಸೇರಿ ಪೊಟ್ಯಾಸಿಯಂ ವಿಪರೀತವಾದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸದೆ ಕೊಮ್ಮೆ ಕಷಾಯ ಬೇಡ. ಎರಡು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ, ರಾತ್ರಿ ಮಲಗಿದರೆ ಉಸಿರು ಕಟ್ಟಿದರೆ ಅದು ಹೊಲದ ಬೇರಿನ ಕೆಲಸ ಅಲ್ಲ, ಆಸ್ಪತ್ರೆಯ ಕೆಲಸ.

ಕಲ್ಲಿನಕೋಟೆ, ಚಿತ್ರದುರ್ಗ

ಅಡವಿ ಈರುಳ್ಳಿ, ಕಣಗಿಲೆ ಮಾತು ಯಾರೂ ಎತ್ತಲಿಲ್ಲ. "ಡಿಗಾಕ್ಸಿನ್ ಗಿಡದಿಂದಲೇ ಬಂದದ್ದು, ಹಾಗಾಗಿ ಇವೂ ಹೃದಯಕ್ಕೆ ಒಳ್ಳೆಯದು" ಅನ್ನೋ ವಾದ ಈಚೆಗೆ ಹರಡ್ತಾ ಇದೆ. ಅದನ್ನ ಇಲ್ಲೇ ನಿಲ್ಲಿಸಬೇಕು.

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಡಿಜಿಟಾಲಿಸ್ ಗಿಡದ ಎಲೆಯಿಂದ ಮೈ ಊತ ಇಳಿಯೋದನ್ನ ಬರೆದಿಟ್ಟದ್ದು ನಿಜ. ಗ್ರೀಕರು ಕಡಲ ದಂಡೆಯ ಈರುಳ್ಳಿಯನ್ನ ವಿನೆಗರಿನಲ್ಲಿ ಹಾಕಿ ಬಳಸುತ್ತಿದ್ದದ್ದೂ ನಿಜ. ನಮ್ಮ ಅಡವಿ ಈರುಳ್ಳಿ ಆ ಗಡ್ಡೆಯ ಹತ್ತಿರದ ನೆಂಟ, ಅದರಲ್ಲೂ ಹೃದಯಕ್ಕೆ ನಾಟುವ ಅದೇ ಜಾತಿಯ ವಿಷ ಇದೆ. ಬಿಳಿ, ಕೆಂಪು ಕಣಗಿಲೆಯಲ್ಲಿ ಓಲಿಯಾಂಡ್ರಿನ್, ಹಳದಿ ಕಣಗಿಲೆಯ ಬೀಜದಲ್ಲಿ ಥೆವೆಟಿನ್. ಇವೆಲ್ಲ ಹೃದಯದ ಬಡಿತವನ್ನ ಬಿಗಿ ಮಾಡಿ ನಿಧಾನಿಸುತ್ತವೆ. ಮದ್ದಾಗೋ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ನಡುವೆ ಇರೋದು ಕೂದಲೆಳೆ. ಮಾತ್ರೆಯಲ್ಲಿ 0.25 ಮಿಲಿಗ್ರಾಂ ಅಂತ ಅಳೆದಿರುತ್ತೆ, ಗಡ್ಡೆಯಲ್ಲಿ ಯಾರೂ ಅಳೆದಿರೋದಿಲ್ಲ. ಆಯುರ್ವೇದವೂ ಕರವೀರವನ್ನ, ಅಂದರೆ ಕಣಗಿಲೆಯನ್ನ, ಉಪವಿಷದ ಸಾಲಿನಲ್ಲೇ ಇಟ್ಟಿದೆ.

ತಿಂದವರಲ್ಲಿ ಮೊದಲು ವಾಂತಿ, ಹೊಟ್ಟೆನೋವು, ಆಮೇಲೆ ಕಣ್ಣು ಮಂಜು, ನಾಡಿ ನಿಧಾನ, ತಾಳ ತಪ್ಪು. ವಾಂತಿಯಾಗಿ ಹೋಯಿತು ಅಂತ ಮನೆಯಲ್ಲಿ ಮಲಗಿಸಬೇಡಿ, ಗಂಟೆಗಳ ನಂತರವೂ ಹೃದಯ ನಿಲ್ಲಬಹುದು. ಉಪ್ಪುನೀರು, ಹುಣಸೆ ನೀರು ಕುಡಿಸಿ ಕಾಯಬೇಡಿ, ನೇರ ಆಸ್ಪತ್ರೆ. ಏನು ತಿಂದದ್ದು ಅಂತ ಗಿಡದ ಒಂದು ಕೊಂಬೆಯನ್ನೇ ಜತೆಗೆ ಒಯ್ಯಿರಿ.

ತಾಳೆಗರಿ, ಚಿತ್ರದುರ್ಗ

ಸರ್ಪಗಂಧವೂ ಅಳತೆ ಇಲ್ಲದೆ ಮುಟ್ಟಬಾರದ ಬೇರೇ. ನಮ್ಮಲ್ಲಿ ಸೂತ್ರನಾಭಿ ಅಂತಾರೆ. ಅದು ಬಿಪಿ ಇಳಿಸುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ಇದರತ್ತ ನೋಡಿತು, 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಿಸರ್ಪಿನ್ ದಿನಕ್ಕೆ ಕೊಡ್ತಿದ್ದದ್ದು ಮಿಲಿಗ್ರಾಮಿನ ಕಾಲು ಭಾಗದೊಳಗೆ. ಬೇರಿನಲ್ಲಿ ಸತ್ವ ಹೆಚ್ಚಿರೋದು ಸಿಪ್ಪೆಯಲ್ಲಿ, ಸಿಪ್ಪೆ ಉದುರಿದ ಬೇರಿಗೂ ಇರೋ ಬೇರಿಗೂ ಚಿಟಿಕೆಯಲ್ಲಿ ಅಜಗಜಾಂತರ. ಹೆಚ್ಚಾದರೆ ಮೂಗು ಕಟ್ಟುತ್ತೆ, ನಾಡಿ ಇಳಿಯುತ್ತೆ, ಮನಸ್ಸು ಖಿನ್ನತೆಗೆ ಜಾರುತ್ತೆ. ಖಿನ್ನತೆ ಇದ್ದವರಿಗೆ ಕೊಡಲೇಬಾರದು.

ಕೇಳುಗ, ದಾವಣಗೆರೆ

ಹಾಗಾದರೆ ಹೊಳೆಮತ್ತಿಯ ಬಗ್ಗೆ ಈ ಥರ ಅಳೆದು ನೋಡಿದ್ದು ಇದೆಯಾ?

ಮಾತ್ರೆಪೆಟ್ಟಿಗೆ, ದಾವಣಗೆರೆ

ಇದೆ, ಎರಡನ್ನ ಜತೆಗಿಟ್ಟು ಓದಬೇಕು. 1995ರಲ್ಲಿ ಪ್ರಕಟವಾದದ್ದು ಚಿಕ್ಕದು, ಮಾತ್ರೆಗೆ ಬಗ್ಗದ ಹೃದಯ ವೈಫಲ್ಯದ 12 ರೋಗಿಗಳು. ಇದ್ದ ಮಾತ್ರೆಗಳ ಜತೆಗೇ ಚಕ್ಕೆಯ ಸಾರ 500 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ಅವರಲ್ಲಿ ಉಸಿರಾಟ, ಹೃದಯದ ಪಂಪಿನ ಬಲ ಸುಧಾರಿಸಿತು. ಆಮೇಲೆ 2016ರಲ್ಲಿ ದೆಹಲಿಯ ಏಮ್ಸ್‌ನವರದು ದೊಡ್ಡದು ಬಂತು. ಸಾರ 750 ಮಿಲಿಗ್ರಾಂ ದಿನಕ್ಕೆರಡು ಸಲ, 12 ವಾರ, ಹುಸಿಮಾತ್ರೆಯ ಜತೆ ಹೋಲಿಕೆ. ಅದರಲ್ಲಿ ಪಂಪಿನ ಬಲ ಏರಲಿಲ್ಲ. ಆದ್ದರಿಂದ "ಎಕೋದಲ್ಲಿ ಪಂಪಿನ ಬಲ ನೂರಕ್ಕೆ 35 ಇದ್ದದ್ದು ಚಕ್ಕೆ ಕುಡಿದು 55 ಆಗುತ್ತೆ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಎರೆಹೊಲ, ಜಗಳೂರು

ಕೊನೇದು ಒಂದು. ಹೊಲದ ಬದುವಿನಾಗ ಹಳ್ಳದ ಕಡೆಗೆ ಒಂದು ಹೊಳೆಮತ್ತಿ ಐತಿ ಅನ್ನಿ. ಮರ ಸಾಯದಂಗ ಚಕ್ಕೆ ತೆಗೆಯೋದು ಹೆಂಗ?

ಹೊಳೆಸಾಲು, ಹರಿಹರ

ಸುತ್ತು ಕಡಿಯಬೇಡಿ. ಕಾಂಡದ ಸುತ್ತ ತೊಗಟೆ ಪೂರ್ತಿ ತೆಗೆದರೆ ಎಲೆಯಿಂದ ಬೇರಿಗೆ ಇಳಿಯೋ ಆಹಾರ ನಿಂತು ಮರ ಒಣಗುತ್ತೆ. ಸುತ್ತಳತೆ 60 ಸೆಂ.ಮೀ. ದಾಟಿದ ಮರ ಮಾತ್ರ ಮುಟ್ಟಿ. ಸುತ್ತಳತೆಯ ಕಾಲು ಭಾಗದಷ್ಟು ಅಗಲ, ಉದ್ದಕ್ಕೆ ಪಟ್ಟಿ ತೆಗೀರಿ. ಕುಡಗೋಲಿನ ಬೆನ್ನಿನಿಂದ ತಟ್ಟಿದರೆ ಮೇಲಿನ ಮತ್ತು ನಡುವಿನ ಪದರ ಬಿಡುತ್ತೆ, ಕಟ್ಟಿಗೆಗೆ ಅಂಟಿದ ತೇವದ ಒಳಪದರ ಮರದ ಮೇಲೇ ಇರಲಿ. ಹೊಸ ತೊಗಟೆ ಹುಟ್ಟೋದು ಅದರಿಂದಲೇ. ಎರಡು ವರ್ಷ ಆ ಜಾಗ ಬಿಡಿ, ಮುಂದಿನ ಸಲ ಎದುರು ಮಗ್ಗುಲು.

ಮಳೆಗಾಲ ಬೇಡ, ಎಲೆ ಉದುರಿ ಹೊಸ ಚಿಗುರು ಬರೋ ಹೊತ್ತಿಗೆ ತೆಗೀರಿ. ತೊಳೆದು, ಬೆರಳುದ್ದ ತುಂಡು ಮಾಡಿ, ನೆರಳಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಮುರಿದರೆ ಟಪ್ಪಂತ ಸದ್ದು ಬರಬೇಕು, ಬಾಗಿದರೆ ಇನ್ನೂ ಹಸಿ. ಗಾಜಿನ ಜಾಡಿ ಅಥವಾ ಒಣ ಡಬ್ಬಿಯಲ್ಲಿ ಚಕ್ಕೆಯಾಗಿಯೇ ಇಡಿ. ಎರಡು ತಿಂಗಳಿಗೆ ಆಗೋಷ್ಟು ಮಾತ್ರ ಕುಟ್ಟಿಕೊಳ್ಳಿ. ದಿನಕ್ಕೆ 5 ಗ್ರಾಂ ಲೆಕ್ಕದಲ್ಲಿ ಅದು 300 ಗ್ರಾಂ. ಡಬ್ಬಿಯ ಮೇಲೆ ಕುಟ್ಟಿದ ತಾರೀಖು ಬರೆದು ಅಂಟಿಸಿ.